ಅನಂತಪುರದ ಬಾವಿಯಲ್ಲಿ ಕೇದಗೆಯ ಕಂಪು

ದೆವ್ವ, ಗಾಳಿ, ಮಾಟದ ಮಾತು ಬಂದರೆ ಮೆಲ್ಲಗೆ ಎದ್ದು ಹೋಗುವ ಮನುಷ್ಯ ನಾನು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ ನೀರು ತೋರಿಸುವವರನ್ನು ಕಂಡರಂತೂ ನಗು ತಡೆಯುತ್ತಿರಲಿಲ್ಲ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಲೇ ತಲೆ ಬೆಳ್ಳಗಾದವನು. ‘ನಿಮಗ ಕಲ್ಲ ಬಿಟ್ರ ಬ್ಯಾರೆ ದೇವರಿಲ್ಲ’ ಎಂದು ಹೆಂಡತಿ ಈಗಲೂ ಚೇಷ್ಟೆ ಮಾಡುತ್ತಾಳೆ. ಅಂಥವನಿಗೆ ಕೆಲವು ವರ್ಷಗಳ ಹಿಂದೆ ಹಾಡಹಗಲಲ್ಲಿ ಆದ ಅನುಭವ ಇದು. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಮೊದಲು ಕಲ್ಲಿನ ಮಾತು. ನಮ್ಮ ಸೀಮೆಯಲ್ಲಿ ಬಹುಪಾಲು ಎಲ್ಲಿ ಬಾವಿ ತೋಡಿದರೂ ಸಿಗುವುದು ಕರಿಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿಯಿತು, ಆರಿತು, ಅದರ ಮೇಲೆ ಮತ್ತೊಂದು ಹರಿಯಿತು. ಹೀಗೆ ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದಂತೆ ಪದರದ ಮೇಲೆ ಪದರ ಕೂತಿದೆ. ಕೆಳಗಿನದು ಹಿರಿಯದು, ಮೇಲಿನದು ಕಿರಿಯದು ಎಂದು ಯಾರಾದರೂ ಹೇಳಿಯಾರು. ಆದರೆ ಅಥಣಿಯ ಈ ಪದರ ನಿಪ್ಪಾಣಿಯ ಯಾವ ಪದರದ ಓರಗೆಯದು ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಎಲ್ಲವೂ ಒಂದೇ ಕಪ್ಪು. ಒಂದು ಲಾವಾ ಆರಿ ಇನ್ನೊಂದು ಬರುವ ನಡುವೆ ಎಲ್ಲಾದರೂ ಕೆರೆ ನಿಂತು, ದಂಡೆಯ ಗಿಡದ ಎಲೆಯೋ ಕಾಯಿಯೋ ಕೆಸರಿಗೆ ಬಿದ್ದು ಕಲ್ಲಾಗಿದ್ದರೆ ನಮ್ಮ ಪುಣ್ಯ. ಯಾವ ಗಿಡ ಯಾವ ಕಾಲದಲ್ಲಿ ಇತ್ತು, ಯಾವುದು ಆಮೇಲೆ ಅಳಿದುಹೋಯಿತು ಎಂಬುದು ಬೇರೆ ಕಡೆಯ ಪದರಗಳಿಂದ ತಿಳಿದಿದೆ. ಹಾಗಾಗಿ ಒಂದು ಕಾಯಿ ಸಿಕ್ಕರೂ ಪದರದ ವಯಸ್ಸು ತಿಳಿಯುತ್ತದೆ, ಆಗ ಇಲ್ಲಿ ನೀರಿತ್ತೋ ಬರಡಿತ್ತೋ ಎಂಬುದೂ ತಿಳಿಯುತ್ತದೆ.

ಆದರೆ ಕೆರೆಯ ಕೆಸರು ಕಲ್ಲಾಗಿದ್ದು ಯಾವುದು, ಬರೀ ಲಾವಾ ಯಾವುದು ಎಂದು ಬಾವಿಯ ಅರೆಗತ್ತಲಲ್ಲಿ ಕಣ್ಣಿಗೆ ಸುಲಭವಾಗಿ ತಿಳಿಯುವುದಿಲ್ಲ. ಅದಕ್ಕೆ ನಮ್ಮವರದೊಂದು ರೂಢಿ ಇದೆ. ಕಲ್ಲಿಗೆ ಬಾಯಿ ಹತ್ತಿರ ಒಯ್ದು ‘ಹಾ’ ಎಂದು ಉಸಿರು ಬಿಟ್ಟು ತಕ್ಷಣ ಮೂಸುವುದು. ಒಳಗೆ ಜೇಡಿಮಣ್ಣು ಇದ್ದರೆ ಹಸಿ ಮಣ್ಣಿನ ವಾಸನೆ ಬರುತ್ತದೆ. ‘ಸರ್ ಕಲ್ಲಿಗೂ ಮುತ್ತ ಕೊಡತಾರ’ ಎಂದು ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ, ನನ್ನ ಮೂಗು ಅಷ್ಟು ಚುರುಕಾಗಿತ್ತು. ಆ ಮೂಗೇ ಒಂದು ಜ್ವರದಲ್ಲಿ ಹೋಯಿತು. ಜ್ವರ ಇಳಿಯಿತು, ವಾಸನೆ ಮರಳಲಿಲ್ಲ. ಒಗ್ಗರಣೆ, ಚಹಾ, ಹೆಂಡತಿ ಮುಡಿದ ಮಲ್ಲಿಗೆ, ಮೊದಲ ಮಳೆ, ಎಲ್ಲವೂ ನನ್ನ ಪಾಲಿಗೆ ನೀರಿನಂತಾದವು. ಡಾಕ್ಟರು ಬರುತ್ತದೆ ಎಂದರು. ವರ್ಷ ಕಳೆದರೂ ಬರಲಿಲ್ಲ. ನಾನು ನಗುತ್ತಲೇ ಇದ್ದೆ, ಆದರೆ ಒಳಗೊಳಗೇ ಬಹಳ ಸಂಕಟಪಟ್ಟೆ.

ಅಷ್ಟರಲ್ಲಿ ಒಂದು ದಿನ ನಸುಕಿನಲ್ಲೇ ರಿಯಾಜನ ಫೋನು ಬಂತು. ರಿಯಾಜ್ ನನ್ನ ಹಳೆಯ ವಿದ್ಯಾರ್ಥಿ, ಈಗ ತಾನೂ ಮೇಷ್ಟ್ರು. ಅಥಣಿ ತಾಲೂಕಿನ ಅನಂತಪುರದಲ್ಲಿ ಅವನ ಮನೆ, ಹೊಲ. ಅವರ ಹೊಲದ ಹೊಸ ಬಾವಿಯಲ್ಲಿ ಎರಡು ಕರಿಕಲ್ಲಿನ ನಡುವೆ ಮೆತ್ತನೆಯ ಬೂದು ಪದರವೊಂದು ಕಾಣಿಸಿತ್ತು. ಅದು ಹಳೆಯ ಕೆರೆಯ ತಳ ಎಂದು ಅವನ ವಾದ. ಅವನ ಪಿಎಚ್‌ಡಿ ಪೂರ್ತಿ ಅದರ ಮೇಲೆ ನಿಂತಿತ್ತು. ವಿಶ್ವವಿದ್ಯಾಲಯದ ಹಿರಿಯರು ಒಪ್ಪಿರಲಿಲ್ಲ. ಗಿಡದ ಒಂದು ತುಣುಕಾದರೂ ತೋರಿಸು, ಇಲ್ಲವೇ ವಿಷಯ ಬದಲಿಸು ಎಂದಿದ್ದರು. ಅವನು ತಿಂಗಳುಗಟ್ಟಲೆ ಕೆದಕಿದರೂ ಏನೂ ಸಿಕ್ಕಿರಲಿಲ್ಲ. ಇನ್ನು ಮಾರನೆಯ ದಿನದಿಂದ ಬಾವಿಯ ಒಳಸುತ್ತಿಗೆ ಕಲ್ಲು ಕಟ್ಟುವವರು ಬರುತ್ತಾರೆ, ಪದರ ಗೋಡೆಯ ಹಿಂದೆ ಮುಚ್ಚಿಹೋಗುತ್ತದೆ.

“ಒಂದ್ಸಲ ಬಂದ ಹೋಗ್ರಿ ಸರ” ಎಂದ. ನನ್ನ ಮೂಗಿನ ಸ್ಥಿತಿ ಅವನಿಗೆ ಗೊತ್ತೇ ಇತ್ತು. “ಮೂಗ ನಂದ ಇರ್ಲಿ, ಕಣ್ಣ ನಿಮ್ದ ಇರ್ಲಿ.”

ಕೃಷ್ಣೆ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ, ಕಾಗವಾಡದ ಮೇಲಿಂದ ಅನಂತಪುರ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ರಿಯಾಜನ ತಾಯಿ ಹಸೀನಾಬಿ ಬಾವಿಯ ಬಳಿಯೇ ಆಡು ಕಾಯುತ್ತ ಕೂತಿದ್ದರು. ಕೆಲಸ ಇನ್ನೆರಡು ದಿನ ತಡೆಯಬಹುದೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ.

“ಆ ಮೆತ್ತನ ಮಣ್ಣ ಈಗ ಉದರಾಕತ್ತೇತ್ರಿ ಮಾಸ್ತರ. ಬಾವಿ ಕುಸದ್ರ ನಿಮ್ಮ ಕಲ್ಲಿನ ಕಾಯಿ ಬಂದು ನನ್ನ ಕಬ್ಬಿಗೆ ನೀರ ಹಾಯಸ್ತಾವೇನು?” ಎಂದರು. ಆಮೇಲೆ ಮಗನ ಮುಖ ನೋಡಿ ದನಿ ತಗ್ಗಿಸಿದರು. “ಇವತ್ತ ಹೊತ್ತ ಮುಣಗೂತನಾ ಹುಡುಕ್ರಿ. ನಾನೂ ದುವಾ ಮಾಡ್ತೀನಿ.”

ಬಾವಿ ತೋಡುವವರು ಯಾರಿ ಎನ್ನುತ್ತಾರಲ್ಲ, ಆ ಕ್ರೇನಿನ ತೊಟ್ಟಿಲಲ್ಲಿ ನಮ್ಮಿಬ್ಬರನ್ನೂ ಇಳಿಸಿದರು. ಬೂದು ಪದರದ ಮಟ್ಟಕ್ಕೆ ನಿಲ್ಲಲು ಹಲಗೆ ಕಟ್ಟಿದ್ದರು. ರಿಯಾಜ್ ಉಸಿರು ಬಿಡುವುದು, ಮೂಸುವುದು, ನನಗೆ ತೋರಿಸುವುದು. ನಾನು ಸುತ್ತಿಗೆಯಿಂದ ಒಡೆದು ಭೂತಗನ್ನಡಿ ಹಿಡಿಯುವುದು. ಮಧ್ಯಾಹ್ನ ಹೀಗೇ ಕಳೆಯಿತು. ಬರೀ ಜೇಡಿ. ಒಂದು ಬೇರಿನ ಗೆರೆಯೂ ಇಲ್ಲ. ರಿಯಾಜನ ಮಾತು ಕಡಿಮೆಯಾಗುತ್ತ ಬಂತು.

ದಣಿದು ಹಿಂದಿನ ಗೋಡೆಗೆ ಕೈಯೂರಿದೆ. ಕೈಗೆ ತಗಲಿದ್ದು ಪದರದ ಅಂಚಿನಲ್ಲಿ ಉಬ್ಬಿಕೊಂಡಿದ್ದ ಒಂದು ಗಟ್ಟಿ ಕಪ್ಪು ಕಲ್ಲು. ಮೊದಲ ದಿನವೇ ರಿಯಾಜ್ ಅದನ್ನು ಲಾವಾದ ತುಂಡು ಎಂದು ಬಿಟ್ಟಿದ್ದ. ನಾನೂ ಹಾಗೇ ತಿಳಿದೆ. ಆದರೂ ಹಳೆಯ ರೂಢಿ ನೋಡಿ, ಮೂಗಿಲ್ಲದಿದ್ದರೂ ಬಾಯಿ ತಾನಾಗಿ ಹೋಗಿ ಉಸಿರು ಬಿಟ್ಟಿತು.

ಕೇದಗೆ. ಹೌದು, ಕೇದಗೆಯ ಹೂವಿನ ಕಂಪು. ನನ್ನ ತಾಯಿ ಟ್ರಂಕಿನಲ್ಲಿ ಸೀರೆಗಳ ಮಡಿಕೆಯೊಳಗೆ ಕೇದಗೆಯ ಎಸಳು ಇಡುತ್ತಿದ್ದಳು. ಹಬ್ಬದ ದಿನ ಟ್ರಂಕು ತೆರೆದಾಗ ಬರುತ್ತಿದ್ದ ಅದೇ ಕಂಪು, ಆದರೆ ಈಗ ತಾನೇ ಬಿರಿದ ಹೂವಿನಷ್ಟು ತಾಜಾ. ಮತ್ತೊಮ್ಮೆ ಉಸಿರು ಬಿಟ್ಟೆ, ಮತ್ತೆ ಬಂತು. ಪಕ್ಕದ ಜೇಡಿಗೆ ಬಿಟ್ಟೆ, ಏನೂ ಇಲ್ಲ. ತಿರುಗಿ ಕಪ್ಪು ಕಲ್ಲಿಗೆ ಬಂದೆ, ಅದೇ ಕೇದಗೆ.

“ರಿಯಾಜ್, ಇದನ್ನ ಮೂಸಪಾ” ಎಂದೆ.

ಅವನು ಮೂಸಿದ. “ಏನೂ ಇಲ್ರಿ ಸರ. ಬರೇ ಕಲ್ಲ.”

“ನೀನು ಅತ್ತರು ಹಚ್ಚಿಕೊಂಡೀಯೇನು?”

“ಕೆಲಸಕ್ಕ ಬರೂಮುಂದ ಯಾಕ ಹಚ್ಚಲಿ ಸರ? ನೀವ ಬ್ಯಾಡ ಅಂದಿದ್ರಿ.”

ಕಾರಣ ಹೇಳದೆ ಒಡೆ ಎಂದೆ. ಅದು ಲಾವಾ ಆಗಿರಲಿಲ್ಲ, ಚಕಮಕಿಯ ಜಾತಿಯ ಕಲ್ಲು. ಬಹಳ ಹೊತ್ತು ಕಾಡಿಸಿ ಕೊನೆಗೆ ಎರಡು ಹೋಳಾಯಿತು. ಒಳಗೆ ಒಂದು ಕಾಯಿ ಅಡ್ಡ ಸೀಳಿತ್ತು. ಸುತ್ತ ಬೀಜದ ಕೋಣೆಗಳು, ನಡುವೆ ದಿಂಡು, ನಾರು ನಾರಾಗಿ ಎಲ್ಲವೂ ಕಲ್ಲಿನಲ್ಲಿ ಉಳಿದಿತ್ತು. ನಿನ್ನೆ ಕೊಯ್ದಿಟ್ಟಂತಿತ್ತು.

ರಿಯಾಜ್ ಕಿರುಚಿದ. ಮೇಲಿಂದ ಹಸೀನಾಬಿ “ಏನಾತಲೇ?” ಎಂದು ಗಾಬರಿಯಿಂದ ಬಗ್ಗಿದರು. “ಸಿಕ್ತ ಅಮ್ಮಾ, ಸಿಕ್ತ!” ಎಂದವನು ನನ್ನ ಕಡೆ ತಿರುಗಿ, “ಇದರಾಗ ಐತಿ ಅಂತ ನಿಮಗ ಹೆಂಗ ಗೊತ್ತಾತ್ರಿ?” ಎಂದ. ಕಂಪಿನ ಮಾತು ಹೇಳಿದೆ. ಅವನು ನನ್ನ ಮುಖ ನೋಡುತ್ತ ನಿಂತ. ಅಷ್ಟು ದಿನ ಹುಡುಕಿದ ಕಾಯಿ ಕೈಯಲ್ಲಿದ್ದರೂ ಅದನ್ನು ನೋಡಲಿಲ್ಲ. “ಹಂಗಾರ ಮೂಗ ಬಂತೇನ್ರಿ ಸರ?” ಎಂದಾಗ ಅವನ ಕಣ್ಣು ತುಂಬಿತ್ತು.

ಬಂದಿರಲಿಲ್ಲ. ಮೇಲೆ ಬಂದು ಮನೆಗೆ ಹೋದಾಗ ಹಸೀನಾಬಿ ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದರು, ಶುಂಠಿ ಜಜ್ಜಿದರು, ಕೊನೆಗೆ ಪೆಟ್ಟಿಗೆಯಿಂದ ತಮ್ಮ ಅತ್ತರಿನ ಶೀಸೆ ತಂದರು. ಯಾವುದೂ ಇಲ್ಲ. ಒಡೆದ ಕಲ್ಲಿನಲ್ಲೂ ಆ ಕಂಪು ಉಳಿದಿರಲಿಲ್ಲ. ಸುತ್ತಮುತ್ತ ಕೇದಗೆಯ ಪೊದೆ ಇದೆಯೇ ಎಂದು ಕೇಳಿದೆ. ತಾವು ಸೊಸೆಯಾಗಿ ಬಂದಾಗಿನಿಂದ ಈ ಊರಲ್ಲಿ ಕಂಡಿಲ್ಲ ಎಂದರು.

ಆ ಕಾಯಿ ರಿಯಾಜನ ಪದರಕ್ಕೆ ವಯಸ್ಸು ಕೊಟ್ಟಿತು, ಕೆರೆ ಇತ್ತೆಂದೂ ಸಾಕ್ಷಿ ಹೇಳಿತು. ಅವನ ಪಿಎಚ್‌ಡಿ ಆಯಿತು. ಕಾಯಿ ನೋಡಿದ ಪರಿಣತರೊಬ್ಬರು ಕೇದಗೆಯ ದೂರದ ನೆಂಟನಿರಬಹುದು, ಇಲ್ಲದೆಯೂ ಇರಬಹುದು ಎಂದಷ್ಟೇ ಹೇಳಿದರು. ಕಂಪಿನ ಮಾತು ಕೇಳಿ ಡಾಕ್ಟರು ನಕ್ಕರು. ಹೋದ ಮೂಗು ಇಲ್ಲದ ವಾಸನೆ ಹುಟ್ಟಿಸಿಕೊಳ್ಳುವುದುಂಟಂತೆ. ಇದ್ದೀತು. ಆದರೆ ಇಡೀ ಬಾವಿ ಬಿಟ್ಟು ಆ ಒಂದು ಕಲ್ಲಿನ ಮುಂದೆಯೇ ಏಕೆ ಎಂದು ಕೇಳಿದ್ದಕ್ಕೆ ಅವರು ಮಾತು ಬದಲಿಸಿದರು.

ಕಲ್ಲು ಕಟ್ಟುವವರಿಗೆ ಹೇಳಿ ಹಸೀನಾಬಿ ಆ ಜಾಗದಲ್ಲಿ ಒಂದು ಗೂಡಿನಷ್ಟು ಗೋಡೆ ಕಟ್ಟದೆ ಬಿಡಿಸಿದ್ದಾರೆ. ‘ಮಾಸ್ತರ ಬರ್ತಾರ’ ಎಂದರಂತೆ. ಹೋದ ವರ್ಷ ಹೋದೆ. ಬಾವಿಯಲ್ಲಿ ಆ ಗೂಡಿನ ಕೆಳಗಿನವರೆಗೂ ನೀರು ತುಂಬಿತ್ತು. ಮುದುಕ ಜಾರಿಯಾನೆಂದು ರಿಯಾಜ್ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ತಾನು ಹಿಡಿದ. ಹೊಸದಾಗಿ ಕಟ್ಟಿದ ಮೆಟ್ಟಿಲಿಳಿದು ಗೂಡಿಗೆ ಮುಖವಿಟ್ಟು ಉಸಿರು ಬಿಟ್ಟೆ. ಏನೂ ಬರಲಿಲ್ಲ.

“ಬಂತೇನ್ರಿ ಸರ?” ಎಂದ ಮೇಲಿಂದ.

“ಇಲ್ಲಪಾ.”

ಹಗ್ಗ ಒಂಚೂರು ಬಿಗಿಯಾಯಿತು. ಆಮೇಲೆ, “ಅವಸರ ಇಲ್ಲ ಬಿಡ್ರಿ. ಇನ್ನೊಂದ್ಸಲ ನೋಡ್ರಿ. ನಾ ಹಗ್ಗ ಹಿಡದೀನಿ” ಎಂದ.

ನಾನು ಮತ್ತೆ ಬಾಗಿದೆ.