ಮೂರನೆಯ ಲೋಕದ ಭಕ್ತೆ

ಮನೆ ಬದಲಾಯಿಸುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿ: ಬರಿಗಾಲಲ್ಲಿ ಓಡಾಡಬೇಡಿ. ಈ ದ್ವೀಪದ ಒಂದು ಮೂಲೆಯ ಬುಕಿತ್ ಪಂಜಾಂಗ್‌ನಿಂದ ಇನ್ನೊಂದು ಮೂಲೆಯ ಪುಂಗೋಲ್‌ಗೆ ಶಿಫ್ಟ್ ಆಗುವ ಗಡಿಬಿಡಿ ನಮ್ಮದು. ಹೊಸ ಮನೆಗೆ ಹಿಡಿಸುವುದಿಲ್ಲವೆಂದು ದೊಡ್ಡ ಊಟದ ಟೇಬಲನ್ನು ಆಗಲೇ ಕಟ್ಟಡದ ಕೆಳಗೆ ಎಲ್ಲರಿಗೂ ತೆರೆದಿರುವ ವಾಯ್ಡ್ ಡೆಕ್‌ಗೆ ಇಳಿಸಿದ್ದೆವು, ಬೇಕಾದವರು ಒಯ್ಯಲಿ ಎಂದು. ಆಮೇಲೆ ಚಪ್ಪಲಿಯ ಕಪಾಟನ್ನು ಎಳೆದೆ. ಅದರಡಿಯಿಂದ ಏನೋ ಉರುಳಿ ಬಂತು, ನೋಡದೆ ತುಳಿದೆ. ಜೀವ ಹೋದಂತಾಯಿತು. ಆದರೆ ‘ಅಯ್ಯೋ’ ಎನ್ನುವುದಕ್ಕೂ ಮುಂಚೆ ನನ್ನ ಬಲಗೈ ತಾನಾಗಿ ಕೆಳಗೆ ಹೋಗಿ, ಅದನ್ನು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಿತು. ನೋಡಿದರೆ, ಇಪ್ಪತ್ತು ಮುಖದ ಹಸಿರು ದಾಳ.

ಕಾಲಿಗೆ ತಾಗಿದ್ದನ್ನು ಕಣ್ಣಿಗೊತ್ತಿಕೊಳ್ಳುವುದು ಮೈಸೂರಿನಲ್ಲಿ ನಮ್ಮಮ್ಮ ಕಲಿಸಿದ ಪಾಠ. ಪುಸ್ತಕ, ಅಕ್ಕಿ ಕಾಳು, ಮನುಷ್ಯರ ಮೈ. ಈಗಂತೂ ಲ್ಯಾಪ್‌ಟಾಪಿನ ಚಾರ್ಜರನ್ನೂ ಬಿಡುವುದಿಲ್ಲ. ಒಮ್ಮೆ ಎಂಆರ್‌ಟಿ ರೈಲಿನಲ್ಲಿ ಪಕ್ಕದವರ ಬ್ಯಾಗಿಗೆ ಕಾಲು ತಾಗಿತು. ಅದನ್ನು ಮುಟ್ಟಲು ಕೈ ಚಾಚಿ ಕಳ್ಳಿ ಎನಿಸಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ಈ ಚಾಳಿಯಿಂದ ಒಬ್ಬ ದೇವತೆಗೆ ಬಲ ಬಂದಿತ್ತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ಆ ದೇವತೆಯನ್ನು ಹುಟ್ಟಿಸಿದವಳು ವಸಂತಿ. ಉಡುಪಿ ಕಡೆಯವಳು. ಆಂಗ್ ಮೋ ಕಿಯೋದಲ್ಲಿ ಕೆಲಸ, ಅಲ್ಲೇ ಒಂದು ಬಾಡಿಗೆ ರೂಮಿನಲ್ಲಿ ಒಬ್ಬಳೇ ವಾಸ. ಶನಿವಾರ ಮಧ್ಯಾಹ್ನ ಗೋಳಿಬಜೆಯ ಡಬ್ಬಿ, ದಾಳಗಳ ಚೀಲ ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ಆ ಊಟದ ಟೇಬಲಿನ ಸುತ್ತ ಕೂತು ಆಡುವವರು ನಾನು, ನನ್ನ ಗಂಡ ಮತ್ತು ಮಗಳು ಅನು. ಚೌಕಾಬಾರದ ಹಾಗೆ ಕಾಯಿ ನಡೆಸುವ ಆಟವಲ್ಲ ಅದು. ವಸಂತಿ ಕತೆ ಹೇಳುವಳು. ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಹೇಳಿ ದಾಳ ಹಾಕುವುದು. ಕೈಗೂಡಿತೋ ಇಲ್ಲವೋ ದಾಳ ಹೇಳುವುದು. ನಾನು ಕತ್ತಿ ಹಿಡಿದ ವೀರೆ, ಜಿರಲೆ ಕಂಡರೆ ಕುರ್ಚಿ ಹತ್ತುವ ನಾನು!

ಅವಳ ಕತೆಯಲ್ಲಿ ಮಣ್ಣಿನದೊಂದು ಲೋಕ, ನೀರಿನದೊಂದು ಲೋಕ. ದೇವರುಗಳು ಎರಡರಲ್ಲೂ ಓಡಾಡುವರು, ಆದರೆ ಯಾರ ಬಲವೂ ಸ್ವಂತದ್ದಲ್ಲ. ಎಷ್ಟು ಲೋಕದಲ್ಲಿ ಎಷ್ಟು ಜನ ನೆನೆಯುತ್ತಾರೋ ಅಷ್ಟೇ ಬಲ. ನೆನೆಯುವವರು ಒಬ್ಬರೂ ಉಳಿಯದಿದ್ದರೆ ದೇವರೂ ಉಳಿಯುವುದಿಲ್ಲ. ಯುದ್ಧದೇವನಿಗೆ ಎರಡೂ ಕಡೆ ಊರೂರೇ ಭಕ್ತರು. ವಸಂತಿಯ ಮುದ್ದಿನ ದೇವತೆ ದಾರಿದೀಪಮ್ಮ, ಗೊತ್ತಿಲ್ಲದ ಊರಲ್ಲಿ ದಾರಿ ತಪ್ಪಿದವರನ್ನು ಕಾಯುವವಳು. ದಾರಿ ಸಿಕ್ಕಮೇಲೆ ಅವಳನ್ನು ಯಾರು ನೆನೆಯುತ್ತಾರೆ? ಅವಳಿಗಿದ್ದ ಭಕ್ತೆ ನಾನೊಬ್ಬಳೇ.

ಒಂದು ಶನಿವಾರ, ಕತೆಯಲ್ಲಿ ಸೇತುವೆ ಕುಸಿದು ನಾವೆಲ್ಲ ಸಾಯುವ ಹೊತ್ತು. ದಾರಿದೀಪಮ್ಮನನ್ನು ಕೂಗಿ ದಾಳ ಹಾಕಿದೆ. ಅದು ಟೇಬಲಿನಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು, ತೋರಿಸಿದ್ದು ಬರೀ ಎರಡು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ವಸಂತಿ ಕೈಯಲ್ಲಿದ್ದ ಗೋಳಿಬಜೆ ಕೆಳಗಿಟ್ಟಳು.

“ನೀನೀಗ ಎಂತ ಮಾಡಿದ್ದು?”

“ಏನಿಲ್ಲಪ್ಪ. ಕಾಲಿಗೆ ತಾಗ್ತಲ್ಲ, ಅದಕ್ಕೆ.”

“ಮಾರಾಯ್ತಿ! ಮೂರನೇ ಲೋಕದಿಂದ ಭಕ್ತಿ ಬಂತಲ್ಲ! ನಮ್ಮ ಈ ಲೋಕದಿಂದ! ಅದಕ್ಕೆ ಹತ್ತು ಪಟ್ಟು ಬಲ. ಸೇತುವೆ ನಿಂತಿತು, ಎಲ್ಲ ಬಚಾವ್.”

“ಆಂಟಿ, ದಟ್ಸ್ ಚೀಟಿಂಗ್ ಲಾ!” ಎಂದು ಅನು ಕಿರುಚಿದಳು. ಮರುಗಳಿಗೆಯೇ ಅಪ್ಪ ಮಗಳಿಬ್ಬರೂ ದಾಳಗಳನ್ನು ಒದ್ದು ಒದ್ದು ಕಣ್ಣಿಗೊತ್ತಿಕೊಳ್ಳತೊಡಗಿದರು. “ಬೇಕಂತ ತಾಗಿಸಿದ್ರೆ ಲೆಕ್ಕಕ್ಕಿಲ್ಲ, ತನ್ನಷ್ಟಕ್ಕೆ ತಾಗ್ಬೇಕು” ಎಂದು ವಸಂತಿ ತನ್ನ ಪುಸ್ತಕದಲ್ಲಿ ನಿಯಮವನ್ನೇ ಬರೆದುಬಿಟ್ಟಳು. ಅವತ್ತು ಲಿಫ್ಟಿನ ತನಕ ಅವಳನ್ನು ಬಿಡಲು ಹೋದೆ. “ಈ ಊರಲ್ಲಿ ನಂದು ಅಂತ ಇರೋದು ನಿಮ್ಮನೆ ಟೇಬಲ್ ಒಂದೇ, ನೋಡು” ಎಂದಳು. “ಸಾಕು ಸುಮ್ನಿರೇ” ಎಂದು ನಕ್ಕುಬಿಟ್ಟೆ.

ಮುಂದಿನದನ್ನು ಹೇಳಲು ಈಗಲೂ ನಾಚಿಕೆ. ಕತೆ ಕೊನೆಯ ಯುದ್ಧಕ್ಕೆ ಬಂತು. ಗೆಲ್ಲಲೇಬೇಕೆಂಬ ಹಟಕ್ಕೆ ಬಿದ್ದು, ನನ್ನ ವೀರೆ ದಾರಿದೀಪಮ್ಮನನ್ನು ಬಿಟ್ಟು ಯುದ್ಧದೇವನ ಕಡೆ ಹೋಗುತ್ತಾಳೆ ಎಂದೆ.

“ಯೋಚನೆ ಮಾಡಿ ಹೇಳು. ಅವಳಿಗೆ ಇರೋದು ನೀನೊಬ್ಳೇ” ಎಂದಳು ವಸಂತಿ.

“ಅಯ್ಯೋ, ಆಟ ತಾನೆ ವಸಂತಿ.”

ಅವಳು ದಾರಿದೀಪಮ್ಮನ ಹೆಸರಿನ ಮೇಲೆ ಗೆರೆ ಎಳೆದಳು. ನಾವು ಗೆದ್ದೆವು. ಚೀಲಕ್ಕೆ ತುಂಬುವಾಗ ಹಸಿರು ದಾಳ ಕಾಣಲಿಲ್ಲ. “ಸಿಕ್ಕಿದ್ರೆ ಹೇಳು” ಎಂದು ಹೊರಟಳು. ಮುಂದಿನ ಶನಿವಾರ ತಲೆನೋವಂತೆ, ಅದರಾಚೆಯದಕ್ಕೆ ಆಫೀಸಂತೆ. ಹೋಗಿ ಕರೆದು ತರಬಹುದಿತ್ತು. ನನಗೆ ಹೊಸ ಹುದ್ದೆ, ಹೊಸ ಗೆಳತಿಯರು. ಈ ಊರಿನಲ್ಲಿ ನನಗೆ ದಾರಿ ಸಿಕ್ಕಿತ್ತು, ಅಷ್ಟೆ. ಆರು ವರ್ಷವಾಯಿತು. ಅಂಗೈಯಗಲದ ದ್ವೀಪ, ಮನಸ್ಸು ಮಾಡಿದರೆ ಒಂದು ಗಂಟೆಯ ದಾರಿ. ದೀಪಾವಳಿಗೆ ಅವಳೊಂದು ದೀಪದ ಚಿತ್ರ ಕಳಿಸುತ್ತಾಳೆ, ನಾನೊಂದು ಕಳಿಸುತ್ತೇನೆ. ಶನಿವಾರ ಮಧ್ಯಾಹ್ನ ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತ ಸದ್ದಾದರೆ ಇವತ್ತಿಗೂ ಬಾಗಿಲ ಕಡೆ ನೋಡುತ್ತೇನೆ. ಅವಳು ಬೇಕಿತ್ತು ನನಗೆ. ಹೇಳಲು ಬಾಯಿರಲಿಲ್ಲ.

ಮೊನ್ನೆ, ತುಳಿದ ಕೂಡಲೇ, ಆ ಹಸಿರು ದಾಳದ ಫೋಟೋ ತೆಗೆದು ಅವಳಿಗೆ ಕಳಿಸಿದೆ. ‘ಪುಂಗೋಲ್‌ಗೆ ಮನೆ ಬದಲಾಯಿಸುವಾಗ ಸಿಕ್ಕಿತು. ಕಾಲಿಗೆ ತಾಗಿತು, ಕಣ್ಣಿಗೊತ್ತಿಕೊಂಡೆ’ ಎಂದು ಬರೆದೆ. ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಫೋನನ್ನೇ ನೋಡುತ್ತಿದ್ದೆ. ಉತ್ತರ ಬಂತು.

‘ಬೇಕಂತ ತಾಗಿಸಿದ್ದಲ್ಲ ತಾನೆ?’

‘ದೇವರಾಣೆ, ಅಲ್ಲ.’

‘ಯಾವ ದೇವರಾಣೆ?’

ಕಣ್ಣು ಮಂಜಾಗಿ ಅಕ್ಷರ ಕಾಣದೆ ಎರಡು ಸಲ ತಪ್ಪು ಒತ್ತಿದೆ. ‘ದಾರಿದೀಪಮ್ಮನ ಆಣೆ’ ಎಂದು ಬರೆದು ಕಳಿಸಿದೆ.

‘ಹಾಗಾದ್ರೆ ಬದುಕಿದ್ದಾಳೆ. ಪುಂಗೋಲ್ ಅಡ್ರೆಸ್ ಕಳಿಸು. ಶನಿವಾರ ಬರ್ತೇನೆ.’

ನಾನು ಅಡ್ರೆಸ್ ಆಮೇಲೆ ಕಳಿಸಿದೆ. ಮೊದಲು ಗಂಡನನ್ನು ಕೂಗುತ್ತ ಲಿಫ್ಟಿಗೆ ಓಡಿದೆ, ಬೇರೆ ಯಾರಾದರೂ ಒಯ್ಯುವ ಮೊದಲು ಕೆಳಗಿಳಿಸಿದ್ದ ಟೇಬಲನ್ನು ಮೇಲೆ ತರಬೇಕಿತ್ತು.