ರನ್‌ವೇ ತುದಿಯ ಹೊಗೆ

ಎರ್ಸಿಲಿಯಾ ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಗಂಡನ ಭಾಷೆ ಬರುತ್ತಿರಲಿಲ್ಲ. ಅದರಲ್ಲೇನೂ ವಿಶೇಷವಿಲ್ಲ. ದಟ್ಟ ಕಾಡಿನ ನಡುವೆ ಹರಿಯುವ ಈ ವಾಪೆಸ್ ನದಿಯ ಗಂಡಸರು ತಮ್ಮದೇ ಭಾಷೆಯಾಡುವ ಹೆಣ್ಣನ್ನು ಮದುವೆಯಾಗುವುದಿಲ್ಲ. ಅದು ಒಡಹುಟ್ಟಿದವಳನ್ನು ಕಟ್ಟಿಕೊಂಡ ಹಾಗೆ. ಹೆಂಡತಿ ಬೇರೆ ಹೊಳೆಯಿಂದ, ಬೇರೆ ಮಾತಿನಿಂದ ಬರಬೇಕು. ಬಂದವಳು ಅತ್ತೆಯ ಬೈಗುಳ ಕೇಳುತ್ತ ಕೇಳುತ್ತ ಇಲ್ಲಿಯ ಮಾತು ಕಲಿಯಬೇಕು. ಎರ್ಸಿಲಿಯಾಳ ಅತ್ತೆ ಬಾಯಿ ಬಿಗಿದ ಹೆಂಗಸು. ಹಾಗಾಗಿ ಆ ಪಾಠವನ್ನೆಲ್ಲ ಹೇಳಿಕೊಟ್ಟವಳು ನಾದಿನಿ ಜಸಿರಾ. ಅವಳ ಬಾಯಿ ಬೊಂಬಾಯಿ.

ಗಂಡನಾಗಲಿದ್ದ ಒನೊರಿಯೊನನ್ನು ಎರ್ಸಿಲಿಯಾ ಮದುವೆಗೆ ಮುಂಚೆಯೇ ನೋಡಿದ್ದಳು. ಇಲ್ಲಿ ರನ್‌ವೇ ಕಟ್ಟಿಸುತ್ತಿದ್ದ ಕಾಲ. ಪಾದ್ರಿಗಳು ಸುತ್ತಲಿನ ನಾಲ್ಕೂ ಹೊಳೆಗಳ ಜನವನ್ನು ಕರೆಸಿ, ಹಣೆಗೆ ಪಟ್ಟಿ ಬಿಗಿಸಿ, ಬೆನ್ನ ಮೇಲಿನ ಬುಟ್ಟಿಗಳಲ್ಲಿ ಕಲ್ಲು ಹೊರಿಸಿದರು. ಎರ್ಸಿಲಿಯಾ ಅಪ್ಪನ ಜೊತೆ ಬಂದು ಹೊತ್ತಳು. ಒನೊರಿಯೊ ಹೊರಲಿಲ್ಲ. ಅವನು ಅರ್ಧ ಬುಟ್ಟಿ ಹೊತ್ತು ಒಂದು ಬುಟ್ಟಿಯ ವಿಶ್ರಾಂತಿ ತೆಗೆದುಕೊಳ್ಳುವ ಜಾತಿ. ಇವನಿಂದ ಆಗುವ ಕೆಲಸವಲ್ಲ ಎಂದು ಪಾದ್ರಿ ಅವನನ್ನು ಬೆಂಕಿಯ ಹತ್ತಿರ ಕೂರಿಸಿದರು. ಬೆಂಕಿಯ ಕೆಲಸ ಇಷ್ಟೇ: ವಿಮಾನದ ಸದ್ದು ಕೇಳಿದ ಕೂಡಲೇ ನದಿ ಹರಿದುಹೋಗುವ ದಿಕ್ಕಿನ, ಕೆಳನದಿ ಕಡೆಯ ತುದಿಯಲ್ಲಿ ಒಣಕಟ್ಟಿಗೆ ಹೊತ್ತಿಸಿ, ಮೇಲೆ ಹಸಿ ಎಲೆ ಒಟ್ಟಿ, ಹೊಗೆ ಎಬ್ಬಿಸುವುದು. ಹೊಗೆ ಯಾವ ಕಡೆ ವಾಲುತ್ತದೋ ನೋಡಿ ಪೈಲಟ್ ಗಾಳಿಯನ್ನು ಅಂದಾಜು ಮಾಡಿ ಇಳಿಯುತ್ತಾನೆ. ಒಂದೇ ಬೆಂಕಿ, ಒಂದೇ ತುದಿ.

ಸೋಮಾರಿ ಎನಿಸಿಕೊಂಡವನು ಆ ಕೆಲಸಕ್ಕೆ ಮಾತ್ರ ಎಂದೂ ತಪ್ಪಲಿಲ್ಲ. ಬೆಳಗ್ಗೆ ತೂಗುಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಅವನ ಬಾಯಿಂದ ಬರುತ್ತಿದ್ದ ಮಾತು, "ಗಾಳಿ ಯಾವ ಕಡೆ?" ಎರ್ಸಿಲಿಯಾ ಒಲೆಯ ಹೊಗೆ ನೋಡಿ ಹೇಳುತ್ತಿದ್ದಳು. ಗಂಡ ಹೆಂಡಿರ ದಿನ ಹಾಗೆ ಶುರುವಾಗುತ್ತಿತ್ತು.

ಬರುತ್ತಿದ್ದದ್ದು ಸೇನೆಯ ಸಾಗಣೆ ವಿಮಾನ. ಅದಕ್ಕೆ ತಯಾರಿಸಿದವರು ಇಟ್ಟ ಹೆಸರೇ ಕೋಣ, ಊರವರು ಕರೆದದ್ದೂ ಕೋಣ. ದಪ್ಪ ಹೊಟ್ಟೆ, ಎರಡು ಪಂಖ, ಬಾಲದ ಕೆಳಗೆ ಬಾಗಿಲು. ಆ ಬಾಗಿಲು ನೆಲಕ್ಕೆ ವಾಲಿಕೊಂಡರೆ ಊರಿಗೆ ಊರೇ ಹೋಗಿ ಎದುರು ನಿಲ್ಲುತ್ತಿತ್ತು. ಗಡಿ ಕಾಯುವ ತುಕಡಿಗೆ ಡೀಸೆಲ್ ಪೀಪಾಯಿ, ಅಕ್ಕಿ, ಉಪ್ಪು, ಶಾಲೆಗೆ ಹೆಂಚಿನ ಬದಲು ತಗಡು, ನರ್ಸಮ್ಮ, ಇಗರ್ಜಿಯ ಗಂಟೆ, ಎರ್ಸಿಲಿಯಾಳ ಹೊಲಿಗೆಯಂತ್ರ, ಎಲ್ಲವೂ ಇಳಿದದ್ದು ಆ ಹೊಟ್ಟೆಯಿಂದಲೇ. ಇಲ್ಲಿಂದ ಹೋಗುವಾಗ ಹೆರಿಗೆ ಕಷ್ಟವಾದವರು, ಹಾವು ಕಚ್ಚಿದವರು, ಓದಲು ಹೊರಟವರು ಹತ್ತುತ್ತಿದ್ದರು. ನದಿಯಲ್ಲಿ ಹೋಗುವುದೆಂದರೆ ಜಲಪಾತದ ಮೇಲೆ ಜಲಪಾತ. ದೋಣಿ ಹೊತ್ತು ಕಾಡಿನಲ್ಲಿ ನಡೆಯಬೇಕು. ಕೋಣ ಅದನ್ನೆಲ್ಲ ಒಂದು ನಿದ್ದೆಯಲ್ಲಿ ದಾಟಿಸುತ್ತಿತ್ತು.

ಒನೊರಿಯೊನ ಹೊಟ್ಟೆ ಊದಿಕೊಂಡ ವರ್ಷ, ಮಂತ್ರ ಊದುವ ಅಜ್ಜ ಸ್ವಲ್ಪ ಕಾಯೋಣ ಎಂದ. ಜಸಿರಾಳೂ ಕಾಯೋಣ ಎಂದಳು. ಎರ್ಸಿಲಿಯಾ ಕಾಯಲಿಲ್ಲ. ಹಟ ಹಿಡಿದು ಅವನನ್ನು ಕೋಣಕ್ಕೆ ಹತ್ತಿಸಿದಳು. ಕಿರಿಮಗಳಿಗೆ ದಡಾರ ಎದ್ದಿತ್ತು, ಜೊತೆಗೆ ಹೋಗಲಾಗಲಿಲ್ಲ. ಸ್ಟ್ರೆಚರ್ ಮೇಲೆ ಅಂಗಾತ ಮಲಗಿದ್ದ ಒನೊರಿಯೊ, "ಹೊಗೆ ನೀನು ನೋಡ್ಕೋ" ಎಂದ. ಅವನು ಅವಳಿಗೆ ಹೇಳಿದ ಕೊನೆಯ ಮಾತು ಅದು. ದೂರದ ಮನೌಸ್ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡ. ಸುದ್ದಿ ಮುಂದಿನ ಕೋಣದಲ್ಲಿ ಬಂತು, ಅಕ್ಕಿ ಮೂಟೆಗಳ ಜೊತೆ.

ಈ ಜನಕ್ಕೆ ಗಂಡಸಿನ ಮೂಳೆ ಅವನ ಹೊಳೆಯ ಮಣ್ಣಿನಲ್ಲೇ ಇರಬೇಕು. ಬೇರೆ ಮಣ್ಣಿನಲ್ಲಿ ಬಿದ್ದವನು ಮನೆ ದಾರಿ ಕೇಳುತ್ತ ಅಲೆಯುತ್ತಾನೆ ಎಂಬ ನಂಬಿಕೆ. ಜಸಿರಾ ಇದನ್ನು ಮರೆಯಲು ಬಿಡಲಿಲ್ಲ.

"ನಮ್ಮಣ್ಣನ್ನ ಊರು ಬಿಡಿಸಿದೋಳು ನೀನು ಅತ್ತಿಗೆ. ಹೊರಗಿನೋಳಿಗೆ ನಮ್ಮ ಮಣ್ಣಿನ ಋಣ ಏನು ಗೊತ್ತು?"

"ಇಲ್ಲೇ ಇದ್ದಿದ್ರೆ ಬದುಕ್ತಿದ್ನೇನೇ?"

"ಸಾಯ್ತಿದ್ದ. ಆದ್ರೆ ಇಲ್ಲೇ ಸಾಯ್ತಿದ್ದ."

ಎರ್ಸಿಲಿಯಾಳನ್ನು ಅಣ್ಣಂದಿರು ತವರಿಗೆ ಕರೆದರು. ಅವಳು ಹೋಗಲಿಲ್ಲ, ಗಂಡನ ಹೊಗೆಯ ಕೆಲಸವನ್ನು ತಾನೇ ಹಿಡಿದಳು. ಅವನು ಬರುವವರೆಗೆ ಅವನ ಜಾಗ ಕಾಯಬೇಕು, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಕೋಣದಲ್ಲಿ ಸರಕು ನೋಡಿಕೊಳ್ಳುತ್ತಿದ್ದವನು ಸಾರ್ಜೆಂಟ್ ವಾಲ್ದೆಸಿರ್. ಎಲ್ಲೋ ಕಡಲತೀರದ ಕಡೆಯವನು, ಹೊಟ್ಟೆಬಾಕ, ಒಳ್ಳೆಯವನು; ಅಮ್ಮಾ ಎನ್ನುವ ಕಡೆ ದೋನಾ ಎನ್ನುತ್ತಿದ್ದ. ಪ್ರತಿ ಸಲ ಅವನ ಕೈಗೆ ಎರ್ಸಿಲಿಯಾ ಒಂದು ಎಲೆಪೊಟ್ಟಣ ಕೊಡುತ್ತಿದ್ದಳು: ಮರಗೆಣಸಿನ ರೊಟ್ಟಿ, ಹೊಗೆಯಲ್ಲಿ ಒಣಗಿಸಿದ ಮೀನು, ಮೆಣಸಿನಪುಡಿ. ಗಂಡನ ಸಮಾಧಿಯ ಮೇಲಿಡಲು.

"ಇಟ್ಟೆಯೇನಪ್ಪಾ ಹೋದ ಸಲದ್ದು?"

"ಇಟ್ಟೆ ದೋನಾ."

"ಮೀನಿಗೆ ಉಪ್ಪು ಸಾಕಾಗಿತ್ತಾ?"

"ಸ್ವಲ್ಪ ಜಾಸ್ತಿ..." ಎಂದು ಸಾರ್ಜೆಂಟ್ ನಾಲಿಗೆ ಕಚ್ಚಿಕೊಂಡ.

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರ್ಸಿಲಿಯಾಳೂ ನಕ್ಕಳು. "ಸತ್ತವನು ಎಲ್ಲಿ ತಿಂತಾನೆ? ಅವನಿರೋ ಊರಿನಲ್ಲಿ ಯಾರೋ ಒಬ್ರು ನನ್ನ ಕೈರುಚಿ ತಿಂದ್ರಲ್ಲ, ಆಯ್ತು" ಎಂದಳು. ಆ ಮಾತು ಸಾರ್ಜೆಂಟ್‌ಗೆ ಎಲ್ಲೋ ನಾಟಿತು. ಅಂದೇ ಅವನು ಮಾತು ಕೊಟ್ಟ. ಮನೌಸ್‌ನ ಸ್ಮಶಾನದಲ್ಲಿ ಬಡವರ ಗುಂಡಿಯನ್ನು ಕೆಲವು ವರ್ಷಗಳಾದ ಮೇಲೆ ತೆಗೆಯುತ್ತಾರೆ; ಕೇಳಿದವರಿಗೆ ಮೂಳೆ ಕೊಡುತ್ತಾರೆ, ಯಾರೂ ಕೇಳದಿದ್ದರೆ ಎಲ್ಲವನ್ನೂ ಒಂದೇ ಕುಣಿಗೆ ಹಾಕುತ್ತಾರೆ. "ತೆಗೆಯೋ ದಿನ ನಾನೇ ಹೋಗಿ ನಿಂತ್ಕೋತೀನಿ ದೋನಾ. ನನ್ನ ಕೈಯಾರೆ ತಂದುಕೊಡ್ತೀನಿ."

ಅಲ್ಲಿಂದ ಅವಳ ಬದುಕಿಗೆ ಒಂದೇ ನಿರೀಕ್ಷೆ. ಇಗರ್ಜಿಯ ಹಿಂದೆ, ರನ್‌ವೇ ತುದಿಗೆ ತೀರ ಹತ್ತಿರ, ಅವನಿಗೆಂದು ಒಂದು ಜಾಗ ಬಿಡಿಸಿಕೊಂಡಳು. ಸತ್ತವರ ಹಬ್ಬದಂದು ಊರವರೆಲ್ಲ ತಮ್ಮವರ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚಿದರೆ ಅವಳು ಬರಿನೆಲಕ್ಕೆ ಹಚ್ಚುತ್ತಿದ್ದಳು. ಗಾಳಿಗೆ ಅದು ಆರುತ್ತಿತ್ತು. ಅವಳು ಮತ್ತೆ ಹಚ್ಚುತ್ತಿದ್ದಳು.

ಮನೌಸ್‌ನ ಗುಂಡಿ ತೆಗೆಯುವ ದಿನ ಬರುವ ವರ್ಷವೇ ಸುದ್ದಿ ಬಂತು: ಕೋಣವನ್ನು ನಿಲ್ಲಿಸುತ್ತಾರೆ. ತುಕಡಿಯ ಲೆಫ್ಟಿನೆಂಟ್ ಊರವರನ್ನು ಕೂರಿಸಿ ಹೇಳಿದ. ವಿಮಾನಕ್ಕೆ ವಯಸ್ಸಾಗಿದೆ, ಬಿಡಿಭಾಗ ಸಿಗುವುದಿಲ್ಲ, ಒಂದನ್ನು ರಿಪೇರಿ ಮಾಡಲು ಇನ್ನೊಂದನ್ನು ಬಿಚ್ಚುತ್ತಿದ್ದಾರೆ. ಬದಲಿಗೆ ಸಣ್ಣದೊಂದು ಬರುತ್ತದೆ, ಆದರೆ ಯಾವಾಗ ಎಂದು ಹೇಳಲಾಗದು, ಜನರನ್ನು ಹತ್ತಿಸಿಕೊಳ್ಳುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

"ಅದಕ್ಕೆ ವಯಸ್ಸಾಯ್ತು ಅಂತ ನಮ್ಮ ಹೆಂಗಸ್ರು ಹೆರೋದು ನಿಲ್ಲಿಸ್ತಾರಾ ಸ್ವಾಮಿ?" ಎಂದು ಜಸಿರಾ ಕೇಳಿದಳು.

ಲೆಫ್ಟಿನೆಂಟ್ ಟೋಪಿ ತಿರುಗಿಸುತ್ತ ಕೂತ. ಅವನೇನು ಮಾಡಿಯಾನು? ಅವನ ಡೀಸೆಲ್ಲೂ ಅದರಲ್ಲೇ ಬರಬೇಕಿತ್ತು. ಇಂಥ ತೀರ್ಮಾನವನ್ನು ದೂರದ ತಂಪು ಕೋಣೆಗಳಲ್ಲಿ ಕೂತವರು ತೆಗೆದುಕೊಳ್ಳುತ್ತಾರೆ. ಅವರ ಲೆಕ್ಕ ಸುಳ್ಳೆಂದು ಯಾರೂ ಹೇಳುವಂತಿಲ್ಲ. ಅವರ ಲೆಕ್ಕದಲ್ಲಿ ಈ ಊರು ಇರುವುದಿಲ್ಲ, ಅಷ್ಟೇ.

ಕೊನೆಯ ಹಾರಾಟದ ದಿನ ಗೊತ್ತಾಯಿತು. ತುಕಡಿಯ ರೇಡಿಯೊದಲ್ಲಿ ವಾಲ್ದೆಸಿರ್ ಹೇಳಿ ಕಳಿಸಿದ: ಗುಂಡಿ ತೆಗೆಸಿದ್ದಾಯಿತು, ಒನೊರಿಯೊ ಬರುತ್ತಿದ್ದಾನೆ.

ಎರ್ಸಿಲಿಯಾ ಮದುವೆ ಗೊತ್ತಾದ ಹುಡುಗಿಯ ಹಾಗೆ ಓಡಾಡಿದಳು. ಗುಂಡಿ ತೋಡಿಸಿದಳು. ಹೊಲಿಗೆಯಂತ್ರದಲ್ಲಿ ಬಿಳಿಬಟ್ಟೆಯ ಚೀಲ ಹೊಲಿದಳು. ಆ ದಿನ ಬೆಳಗ್ಗೆ ತುಂತುರು, ಗಾಳಿಯೇ ಇಲ್ಲ. ತುದಿಯಲ್ಲಿ ತನ್ನ ಬೆಂಕಿ ಹೊತ್ತಿಸಿ, ಹಸಿ ಎಲೆ ಒಟ್ಟಿ, ನದಿಯ ಕಡೆ ಕಿವಿ ಕೊಟ್ಟು ನಿಂತಳು. ಹಿಂದೆ ಏನು ನಡೆಯುತ್ತಿದೆ ಎಂದು ಅವಳು ತಿರುಗಿ ನೋಡಲಿಲ್ಲ.

ಹಿಂದೆ ಊರೇ ಬೆಂಕಿ ಹಾಕಿತ್ತು. ಕೋಣ ಕೊನೆಯ ಸಲ ಬರುತ್ತಿದೆ, ನಮ್ಮ ಮನೆಯ ಹೊಗೆಯೂ ಅದಕ್ಕೆ ಕಾಣಲಿ ಎಂದು ಮನೆಗೊಂದು ಬೆಂಕಿ. ಯಾರೂ ಯಾರನ್ನೂ ಕೇಳಿರಲಿಲ್ಲ. ಪ್ರೀತಿಗೆ ಬುದ್ಧಿ ಕಡಿಮೆ. ರನ್‌ವೇಯ ಎರಡೂ ಮಗ್ಗುಲಲ್ಲಿ, ತುಂತುರಿನಲ್ಲಿ, ಒದ್ದೆ ಕಟ್ಟಿಗೆಯ ಹೊಗೆ ಮೇಲೇಳದೆ ನೆಲಕ್ಕೇ ಮಲಗಿತು. ಎಲ್ಲಕ್ಕಿಂತ ದೊಡ್ಡ ಬೆಂಕಿ ಜಸಿರಾಳದು, ಅಣ್ಣ ಬರುತ್ತಿದ್ದನಲ್ಲ.

ಸದ್ದು ಬಂತು. ತಲೆಯ ಮೇಲೆ ಹಾದುಹೋಯಿತು. ಎರ್ಸಿಲಿಯಾ ತಿರುಗಿದಾಗ ರನ್‌ವೇ ಇರಲಿಲ್ಲ, ಹೊಗೆ ಇತ್ತು.

"ಆರಿಸ್ರೋ! ಆರಿಸ್ರೇ ಮನೆಹಾಳರಾ! ಎಲ್ಲಿ ಇಳೀಬೇಕು ಅವನು?" ಎಂದು ಕೂಗುತ್ತ ಓಡಿದಳು. ಲಂಗದಿಂದ ಬಡಿದಳು, ಕಾಲಿನಿಂದ ಒದ್ದಳು. ಊರವರಿಗೆ ಆಗ ಹೊಳೆಯಿತು. ಕೊಡ ತಂದು ಸುರಿದರು, ಮಣ್ಣು ಎರಚಿದರು. ನೀರು ಬಿದ್ದ ಬೆಂಕಿ ಇನ್ನಷ್ಟು ಹೊಗೆ ಕಾರಿತು. ಜಸಿರಾ ಉರಿಯುವ ಕೊಳ್ಳಿಗಳನ್ನು ಬರಿಗೈಯಲ್ಲಿ ಎತ್ತಿ ಎಸೆಯುತ್ತಿದ್ದಳು. ಕೋಣ ಎರಡನೆಯ ಸಲ ಸುತ್ತಿತು. ಮೂರನೆಯ ಸಲ ಎಷ್ಟು ಕೆಳಗೆ ಬಂತೆಂದರೆ ಹೊಗೆಯ ನಡುವೆ ಅದರ ಚಕ್ರಗಳು ಕಂಡವು. ಆಮೇಲೆ ಎಂಜಿನ್ ಗರ್ಜಿಸಿತು, ಮೂಗು ಮೇಲಕ್ಕೆತ್ತಿತು, ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತುಕಡಿಯ ಸಿಪಾಯಿಯೊಬ್ಬ ಓಡಿ ಬಂದು ಎರ್ಸಿಲಿಯಾಳನ್ನು ರೇಡಿಯೊ ಕೋಣೆಗೆ ಕರೆದೊಯ್ದ. ಕರಕರ ಸದ್ದಿನ ನಡುವೆ ವಾಲ್ದೆಸಿರ್‌ನ ಧ್ವನಿ.

"ದೋನಾ, ರನ್‌ವೇನೇ ಕಾಣ್ಲಿಲ್ಲ. ವಾಪಸ್ ಹೋಗೋಕೆ ಮಾತ್ರ ಎಣ್ಣೆ ಇದೆ. ಕೋಣಕ್ಕೆ ಹಾರೋಕೆ ಬಿಟ್ಟಿದ್ದ ಅವಧೀನೂ ಇವತ್ತಿಗೆ ಮುಗೀತು. ಇನ್ನು ಹಾರಿಸೋಕೆ ಬಿಡಲ್ಲ ಮೇಲಿನೋರು." ಅವನು ಅಳುತ್ತಿದ್ದನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. "ಕ್ಷಮಿಸಿ ದೋನಾ."

ಎರ್ಸಿಲಿಯಾ ರೇಡಿಯೊದ ಹತ್ತಿರಕ್ಕೆ ಬಾಗಿದಳು. ಲಂಗದ ಅಂಚು ಸುಟ್ಟು ವಾಸನೆ ಬರುತ್ತಿತ್ತು.

"ಎಲ್ಲಿದಾನೆ ಅವನು?"

"ನನ್ನ ಪಕ್ಕದಲ್ಲೇ. ಪೆಟ್ಟಿಗೆಗೆ ಬೆಲ್ಟ್ ಕಟ್ಟಿದೀನಿ."

"ಕಿಟಕಿ ಇದೆಯಾ ಅಲ್ಲಿ?"

"ಇದೆ."

"ಹಾಗಾದ್ರೆ ಕಿಟಕಿ ಪಕ್ಕ ಕೂರಿಸಪ್ಪ. ಅವತ್ತು ಅಂಗಾತ ಮಲಗಿಸಿ ಕರ್ಕೊಂಡು ಹೋದ್ರಿ. ಜೀವಮಾನವೆಲ್ಲಾ ಕೋಣವನ್ನ ಇಳಿಸಿದೋನು, ಮೇಲಿಂದ ಏನು ಕಾಣುತ್ತೆ ಅಂತ ಒಂದು ಸಲಾನೂ ನೋಡಿಲ್ಲ."

ರೇಡಿಯೊ ಬಹಳ ಹೊತ್ತು ಕರಕರ ಎಂದಿತು. "ಕೂರಿಸ್ದೆ ದೋನಾ," ಎಂದ ವಾಲ್ದೆಸಿರ್.

ಆ ಮಳೆಗಾಲ ಊರಿಗೆ ದೀರ್ಘವಾಯಿತು. ಸಣ್ಣ ವಿಮಾನ ಒಮ್ಮೆ ಬಂತು, ಇಬ್ಬರು ಅಧಿಕಾರಿಗಳನ್ನು ಇಳಿಸಿ, ಅವರನ್ನೇ ಹತ್ತಿಸಿಕೊಂಡು ಹೋಯಿತು. ಡೀಸೆಲ್ ಮುಗಿದು ನರ್ಸಮ್ಮನ ಫ್ರಿಜ್ ನಿಂತು ಲಸಿಕೆ ಹಾಳಾಯಿತು. ಮೇಷ್ಟರಿಗೆ ಜ್ವರ ಏರಿ ದೋಣಿಯಲ್ಲಿ ಕಳಿಸಿದರು. ಎರಡನೆಯ ಜಲಪಾತ ದಾಟುವಷ್ಟರಲ್ಲಿ ತೀರಿಕೊಂಡರು. ಆ ದಿನ ಊರೆಲ್ಲ ಸುಮ್ಮಸುಮ್ಮನೆ ಆಕಾಶ ನೋಡುತ್ತಿತ್ತು.

ಜಸಿರಾ ಚುಚ್ಚುಮಾತು ಬಿಟ್ಟಳು. ಸುಟ್ಟ ಅಂಗೈಗೆ ಎಲೆ ಕಟ್ಟಿಕೊಂಡು ಅತ್ತಿಗೆಯ ಮನೆ ಮುಂದೆ ಬಂದು ಮೌನವಾಗಿ ಕೂರುತ್ತಿದ್ದಳು. ಎರ್ಸಿಲಿಯಾಗೆ ಅದೇ ತಡೆಯಲಾಗಲಿಲ್ಲ.

"ಏನಾದ್ರೂ ಅನ್ನೇ. ಹೊರಗಿನೋಳು ಅನ್ನು. ಊರು ಬಿಡಿಸಿದೋಳು ಅನ್ನು."

"ಏನನ್ನಲಿ? ನೀನು ಅವನನ್ನ ಕಳಿಸ್ದೆ. ಮನೆಬಾಗಿಲಿಗೆ ಬಂದೋನನ್ನ ವಾಪಸ್ ಅಟ್ಟಿದೋಳು ನಾನು," ಎಂದು ಜಸಿರಾ ಬಿಕ್ಕಿದಳು. ಎರ್ಸಿಲಿಯಾ ಅವಳ ಕೈಯ ಎಲೆ ಬಿಚ್ಚಿ ಹೊಸದು ಕಟ್ಟಿದಳು.

ನೀರು ಇಳಿದ ಮೇಲೆ ವಾಲ್ದೆಸಿರ್ ಬಂದ. ಕೋಣದ ಜೊತೆಗೆ ಅವನೂ ನಿವೃತ್ತನಾಗಿದ್ದ. ಸಮವಸ್ತ್ರವಿಲ್ಲದೆ ಅವನ ಹೊಟ್ಟೆ ಇನ್ನೂ ದೊಡ್ಡದಾಗಿ ಕಂಡಿತು. ಉಪ್ಪಿನ ವ್ಯಾಪಾರಿಯ ದೋಣಿಯಲ್ಲಿ, ಜಲಪಾತ ಬಂದಾಗಲೆಲ್ಲ ಇಳಿದು ನಡೆದು, ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಂದಿದ್ದ. ಅವನು ಬರುವ ದಿನ ಊರಿನಲ್ಲಿ ಅಡುಗೆ ಒಲೆ ಕೂಡ ಹೊತ್ತಿರಲಿಲ್ಲ. ದೋಣಿಗೆ ಹೊಗೆಯಿಂದ ಏನೂ ಆಗುವುದಿಲ್ಲ ಎಂದು ಎರ್ಸಿಲಿಯಾ ಎಷ್ಟು ಬೈದರೂ ಯಾರೂ ಕೇಳಲಿಲ್ಲ. ಪಾಪ, ಹಸಿದು ಬಂದವನಿಗೆ ತಂಗಳು ರೊಟ್ಟಿಯೇ ಗತಿಯಾಯಿತು.

ಜಸಿರಾ ಸೊಂಟಮಟ್ಟದ ನೀರಿಗಿಳಿದು ಅಣ್ಣನನ್ನು ಎತ್ತಿಕೊಂಡಳು. ಎರಡು ಹೆಜ್ಜೆ ನಡೆದು, ಅತ್ತಿಗೆಯ ತೋಳಿಗೆ ಹಾಕಿದಳು. ಅಷ್ಟು ದೊಡ್ಡ ಮೈಯವನು ಇಷ್ಟು ಹಗುರವಾಗಿ ಬಂದಿದ್ದ. ಬಿಳಿ ಚೀಲಕ್ಕೆ ಹಾಕುವಾಗ ಎರ್ಸಿಲಿಯಾ ಒಂದೇ ಮಾತು ಕೇಳಿದಳು.

"ಅವತ್ತು ಕಿಟಕಿಯಿಂದ ಏನೇನು ಕಾಣ್ತು ಅವನಿಗೆ?"

"ಎಲ್ಲಾ ಕಾಣ್ತು ದೋನಾ. ನದಿ ಪೂರ್ತಿ. ಎಲ್ಲೆಲ್ಲೂ ಹೊಗೆ, ತುದೀಲಿ ಒಂದು ಬೇರೆಯಾಗಿ ನೆಟ್ಟಗೆ ಏಳ್ತಿತ್ತು. ಅದು ನಿಮ್ಮದೇ ಅಂತ ಪೈಲಟ್‌ಗೂ ಗೊತ್ತಾಗಿತ್ತು."

ಮಣ್ಣು ಮಾಡಿದ ಮರುದಿನ ಬೆಳಗ್ಗೆ ಎರ್ಸಿಲಿಯಾಳ ಅಣ್ಣನ ಮಗ ತವರಿನಿಂದ ದೋಣಿ ತಂದಿದ್ದ. ಮಕ್ಕಳು ಗಂಡನ ಮನೆ ಸೇರಿದ್ದಾಯಿತು, ಜಾಗ ಕಾದದ್ದೂ ಆಯಿತಲ್ಲ, ಇನ್ನು ತವರಿಗೆ ಬಾ ಅತ್ತೆ ಎಂದ. ಎರ್ಸಿಲಿಯಾ ಅವನಿಗೆ ರೊಟ್ಟಿ ಕೊಟ್ಟು, ಕೂರು ಎಂದು ಹೇಳಿ, ಒಲೆಯಿಂದ ಕೊಳ್ಳಿಯೊಂದನ್ನು ಎತ್ತಿಕೊಂಡು ರನ್‌ವೇ ತುದಿಗೆ ಹೋದಳು. ರಾತ್ರಿಯ ಮಳೆಗೆ ಹೊಸ ಗೋರಿಯ ಮಣ್ಣು ಸ್ವಲ್ಪ ಕುಸಿದಿತ್ತು. ಪಕ್ಕದಲ್ಲೇ ಕಟ್ಟಿಗೆ ಹೊತ್ತಿಸಿ ಹಸಿ ಎಲೆ ಒಟ್ಟಿದಳು.

ಹಿಂದೆಯೇ ಬಂದ ಜಸಿರಾ, "ಯಾರಿಗೆ ಅತ್ತಿಗೆ ಈ ಹೊಗೆ? ಕೋಣ ಇನ್ನು ಬರಲ್ಲ" ಎಂದಳು.

"ನಿಮ್ಮಣ್ಣ ಎದ್ದ ತಕ್ಷಣ ಕೇಳ್ತಾನಲ್ಲ," ಎಂದಳು ಎರ್ಸಿಲಿಯಾ. ಹೊಗೆ ವಾಲುವವರೆಗೆ ಕಾದು, ಮಣ್ಣಿನ ಕಡೆ ಬಾಗಿ ಹೇಳಿದಳು, "ಗಾಳಿ ಕೆಳನದಿ ಕಡೆಯಿಂದ."