ಮೇಲ್ ಗಾಡಿ ಬಂದಾಗಲೇ ಕಿರುಚುವ ಶೀಲಾವತಿ

ಬೆಳಗಿನ ಐದೂಕಾಲು. ಮುಂಬಯಿಯ ದಹಿಸರ್ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೂಲೆಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶೀಲಾವತಿ ನಿಂತಿದ್ದಾರೆ. ಗುಜರಾತ್ ಕಡೆಯ ಮೇಲ್ ಗಾಡಿ ಇಲ್ಲಿ ನಿಲ್ಲುವುದಿಲ್ಲ, ಧಡಧಡನೆ ಹಾದುಹೋಗುತ್ತದೆ. ಅದು ಸೇತುವೆಯ ಅಡಿಗೆ ಬಂದ ಕ್ಷಣ ಈ ಐವತ್ತೆಂಟರ ಹೆಂಗಸು ಕಂಬಿ ಹಿಡಿದು ಕಿರುಚುತ್ತಾರೆ. ಗೊತ್ತಿದ್ದೂ ಬೆಚ್ಚಿಬಿದ್ದ ನನ್ನ ಕೈಯ ಚಹಾ ಚೆಲ್ಲುತ್ತದೆ. ಗಾಡಿ ಹೋದ ಮೇಲೆ ಅವರು ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ, "ಇವತ್ತು ಸ್ವರ ಸ್ವಲ್ಪ ಒಡೀತು ಮಾರಾಯ್ರೆ," ಎನ್ನುತ್ತಾರೆ.

ಕಿರುಚುವುದೇ ಅವರ ಕಸುಬು. ಹಿಂದಿಗೆ ಡಬ್ ಆಗುವ ಅಮೆರಿಕದ ಚಿತ್ರಗಳಲ್ಲಿ ಓಡುವ, ಬೀಳುವ, ಸಾಯುವ ಜನಜಂಗುಳಿಗೆ ಇಪ್ಪತ್ತಾರು ವರ್ಷ ಗೋರೆಗಾಂವ್‌ನ ಸ್ಟುಡಿಯೋಗಳಲ್ಲಿ ದನಿ ಕೊಟ್ಟಿದ್ದಾರೆ. ನ್ಯೂಯಾರ್ಕಿನ ಬೀದಿಯಲ್ಲಿ ಯಾರಾದರೂ "ಭಾಗೋ, ಭಾಗೋ!" ಎಂದು ಬೊಬ್ಬೆ ಹೊಡೆದರೆ ಆ ಗಂಟಲು ಉಡುಪಿ ಕಡೆಯದಿರಬಹುದು. ನಾಯಕಿಗೆ ದನಿ ಕೊಟ್ಟವರ ಹೆಸರಾದರೂ ಎಲ್ಲೋ ಒಂದು ಕಡೆ ಬರುತ್ತದೆ. ಗುಂಪಿಗೆ ಎಲ್ಲಿಯ ಹೆಸರು?

ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಗಂಡ ಕಾಂತಪ್ಪನವರ ಜೊತೆ ಮುಂಬಯಿಗೆ ಬಂದವರು. ಆ ಹೋಟೆಲಿನಿಂದ ಸ್ಟುಡಿಯೋಗೆ ಊಟದ ಡಬ್ಬಿ ಕೊಡಲು ಹೋದ ದಿನ ಕೂಗುವವರ ಗುಂಪಿನಲ್ಲಿ ಒಬ್ಬಳು ಕಡಿಮೆ ಇದ್ದಳಂತೆ, ಶುರುವಾದದ್ದು ಹಾಗೆ. ಇಂಗ್ಲಿಷ್ ಬಾರದು. ಆದರೆ ಅಮೆರಿಕದ ನಾಡಿ ಬಲ್ಲರು. ಸಂಪಾದಕೀಯ ಬರೆಯುವ ನಮ್ಮ ಪಂಡಿತರು ಇವರ ಎದುರು ಒಂದು ವಾರ ಕೈಕಟ್ಟಿ ಕೂರಬೇಕು.

"ಮೊದಮೊದಲು ಆಕಾಶದಿಂದ ಬಂಡೆ ಬೀಳುದು, ಸಮುದ್ರದಿಂದ ರಾಕ್ಷಸ ಬರುದು. ಆಗಿನದ್ದು ಜಯಂಟ್ ವೀಲ್ ಕೂಗು. ಹೆದರಿಕೆ ಎಂತದ್ದೂ ಇಲ್ಲ, ಮಜಾ. ಅಲ್ಲಿ ವಿಮಾನ ಹೊಡೆದು ಆ ಎರಡು ಕಟ್ಟಡ ಬಿತ್ತಲ್ಲ, ಮತ್ತೆ ಸ್ಟುಡಿಯೋದ ಸಾಹೇಬ್ರು ಹೇಳಿದ್ರು, ಬೊಬ್ಬೆ ಬೇಡ, ಧೂಳು ನುಂಗಿದ ಹಾಗೆ ಕೆಮ್ಮಿ ಅಂತ. ಆಮೇಲೆ ಸತ್ತವರು ಎದ್ದು ಬರುದು, ರೋಗ ಹರಡುದು. ಪಕ್ಕದ ಮನೆಯವರನ್ನೇ ನೋಡಿ ಕೂಗಬೇಕು. ಈಗ ಕೂಗುದೇ ಕಡಿಮೆ. ಮೇಲೆ ನೋಡಿ ಉಸಿರು ಎಳ್ಕೊಳ್ಳುದು, ಅಷ್ಟೆ. ಯಾರಾದ್ರೂ ಬಂದು ಉಳಿಸ್ತಾರೆ ಅಂತ ಆ ಜನಕ್ಕೆ ನಂಬಿಕೆ ಹೋಗಿದೆ ಅಂತ ಕಾಣ್ತದೆ."

ಆ ನಂಬಿಕೆ ಶೀಲಾವತಿಯವರಿಗೂ ಹೋಗಿದೆ. ಮೊದಲು ಅವರ ಅಭ್ಯಾಸವೆಲ್ಲ ಗೋಡೆಗೆ ಗೋಡೆ ಅಂಟಿದ ಚಾಳಿನ ಮನೆಯಲ್ಲೇ, ಬೆಳಗಾದರೆ ನಲವತ್ತು ಕೂಗು. ಆರಂಭದಲ್ಲಿ ಗಾಬರಿಯಿಂದ ಓಡಿಬಂದ ನೆರೆಯವರು ಬರಬರುತ್ತಾ ಒಗ್ಗಿಹೋದರು. ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಕಾಂತಪ್ಪನವರು ಎದೆ ಹಿಡಿದುಕೊಂಡು ಬಚ್ಚಲ ಬಳಿ ಕುಸಿದರು. ಶೀಲಾವತಿ ಕಿರುಚಿದರು, ಮತ್ತೆ ಮತ್ತೆ ಕಿರುಚಿದರು. ಒಂದು ಬಾಗಿಲೂ ತೆರೆಯಲಿಲ್ಲ.

ಪಕ್ಕದ ಮನೆಯ ಮಲ್ಲಕ್ಕ ಆ ಮಾತು ಬಂದರೆ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾರೆ. "ದಿನಾ ಚೀರತಾಳ್ರಿ. ಹಾಲು ಕಾಸಕೋತ ನಿಂತಿದ್ದೆ. ಇವತ್ತ ಭಾಳ ಚೊಲೋ ಚೀರಿದ್ಲು ನೋಡು ಅಂತ ನಮ್ಮ ಮನಿಯವರಿಗೆ ಅಂದೆ. ಹಂಗ ಅಂದ ಬಾಯಿರೀ ಇದು."

ಅಂದಿನಿಂದ ಶೀಲಾವತಿ ಮನೆಯಲ್ಲಿ ಕೂಗಿಲ್ಲ. ಈ ಸೇತುವೆ, ಈ ಗಾಡಿಯ ಸದ್ದು ಸಾಕು ಅವರಿಗೆ.

ಕಳೆದ ವರ್ಷ ಒಂದು ಸ್ಟುಡಿಯೋ ಅವರನ್ನು ಮೂರು ದಿನ ಕರೆಸಿಕೊಂಡಿತು. ನೂರ ಇಪ್ಪತ್ತು ಬಗೆಯ ಕೂಗುಗಳ ಪಟ್ಟಿ ಮುಂದಿಟ್ಟು, ಒಂದೊಂದಾಗಿ ರೆಕಾರ್ಡ್ ಮಾಡಿ, ಸಹಿ ಹಾಕಿಸಿಕೊಂಡಿತು. ಆಮೇಲೆ ಎಲ್ಲಿಂದಲೂ ಫೋನ್ ಇಲ್ಲ. ಏಳು ತಿಂಗಳಾಯಿತು. ಆ ರೆಕಾರ್ಡುಗಳಿಂದ ಬೇಕಾದ ಕೂಗನ್ನು ಈಗ ಯಂತ್ರವೇ ಹೆಣೆದುಕೊಳ್ಳುತ್ತದೆ. ಮೊನ್ನೆ ಟೀವಿಯಲ್ಲಿ ಹೊಸ ಚಿತ್ರವೊಂದರ ತುಣುಕು ಬಂದಾಗ, ತಾವು ಕೆಲಸವೇ ಮಾಡದ ಚಿತ್ರದಲ್ಲಿ ತಮ್ಮದೇ ದನಿಯನ್ನು ಕೇಳಿದರು. ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಸಿಟ್ಟೂ ಬರುವುದಿಲ್ಲ, ನನ್ನ ಸಂಕಟ ಅದು.

ಮತ್ತೆ ಈ ಅಭ್ಯಾಸ ಯಾಕೆ? "ಯಾರಾದ್ರೂ ಕರೆದ್ರೆ ಗಂಟಲು ಬೇಕಲ್ಲ," ಎನ್ನುತ್ತಾರೆ. ಯಾರೂ ಕರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತು.

ಆ ಪಟ್ಟಿಯ ಕಟ್ಟಕಡೆಯಲ್ಲಿ 'ಗಂಡ ಸತ್ತಾಗ' ಎಂದಿತ್ತಂತೆ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಹೇಳುತ್ತಾರೆ: "ಗಂಟಲು ಹೋಗಿದೆ ಅಂತ ಸುಳ್ಳು ಹೇಳಿ ಬಂದೆ. ಮಷೀನಿನ ಹತ್ರ ನೂರ ಹತ್ತೊಂಬತ್ತು ಉಂಟು. ಅದೊಂದು ಇಲ್ಲ. ಅದು ನಮ್ಮವರಿಗೆ ಕೂಗಿದ್ದು, ಯಾರಿಗೂ ಕೊಡ್ಲಿಕ್ಕಿಲ್ಲ."